ನಿಂಜಾ ಟರ್ಮಿನೇಟರ್ ಥರದ ಸಿನಿಮಾಗಳನ್ನ ನಿಜವಾಗ್ಲೂ ಎರಡು ಮೂರು ದೇಶದವ್ರು ಸೇರಿ ಮಾಡಿದ್ರಾ?

ನೀವು ಕೇಳಿರೋದು, 1985ರ ನಿಂಜಾ ಟರ್ಮಿನೇಟರ್‌ನಲ್ಲಿ ಅಮೆರಿಕದ ಹೀರೋ ಒಬ್ಬ, ಕೊರಿಯಾದ ಹೀರೋ ಒಬ್ಬ ಇದಾರೆ, ಇಬ್ರೂ ಒಂದೇ ಟೀಮು ಅಂತಾರೆ, ಆದ್ರೂ ಎದುರುಬದುರು ನಿಂತಿದ್ದೇ ಕಾಣಲ್ಲ, ಇದೇನು ಜಂಟಿ ನಿರ್ಮಾಣನಾ ಅಂತ. ಅಲ್ಲ. ಅದು ಎರಡು ಬೇರೆ ಸಿನಿಮಾ ಕತ್ತರಿಸಿ ಸೇರಿಸಿ ಹೊಲಿದಿರೋದು.

ಹಾಂಗ್‌ಕಾಂಗ್‌ನಲ್ಲಿ ಜೋಸೆಫ್ ಲಾಯ್ ಅವರ ಐಎಫ್‌ಡಿ ಅಂತ ಕಂಪನಿ ಇತ್ತು, ಡೈರೆಕ್ಟರ್ ಗಾಡ್‌ಫ್ರೇ ಹೋ. ಕೊರಿಯಾ, ಥಾಯ್ಲೆಂಡ್, ತೈವಾನ್ ಕಡೆಯ ಸಿನಿಮಾಗಳ ಹಕ್ಕು ತಗೊಳ್ಳೋದು, ಬಿಳಿಯರಿಗೆ ನಿಂಜಾ ಡ್ರೆಸ್ ಹಾಕಿಸಿ ಒಂದಷ್ಟು ಫೈಟ್ ಶೂಟ್ ಮಾಡೋದು, ಅದನ್ನ ಮಧ್ಯೆ ಮಧ್ಯೆ ತುರುಕಿ ಇಂಗ್ಲಿಷ್ ಡಬ್ಬಿಂಗ್‌ನಲ್ಲಿ ಕಥೆನೇ ಬದಲಾಯಿಸಿಬಿಡೋದು. 1981ರಲ್ಲಿ ಎಂಟರ್ ದಿ ನಿಂಜಾ ಬಂದ್ಮೇಲೆ ಹೊರದೇಶದ ವಿಡಿಯೋ ಅಂಗಡಿಗಳಲ್ಲಿ ಕವರ್ ಮೇಲೆ ನಿಂಜಾ ಇದ್ರೆ ಸಾಕು ಅನ್ನೋ ಕಾಲ ಅದು.

ಹೊಲಿಗೆ ಎಲ್ಲಿದೆ ಅಂತ ನೋಡ್ಬೇಕಾ, ಫೋನ್ ಸೀನ್ ನೋಡಿ. ಅಮೆರಿಕದ ಹೀರೋ ರಿಚರ್ಡ್ ಹ್ಯಾರಿಸನ್, ಗಾರ್‌ಫೀಲ್ಡ್ ಅನ್ನೋ ಕಾರ್ಟೂನ್ ಬೆಕ್ಕಿನ ಆಕಾರದ ಕಿತ್ತಳೆ ಬಣ್ಣದ ಫೋನ್ ಹಿಡ್ಕೊಂಡು ಗಂಭೀರವಾಗಿ ಮಾತಾಡ್ತಾನೆ, ಆ ಕಡೆ ಇರೋನು ಕೊರಿಯನ್ ಸಿನಿಮಾದ ಹೀರೋ. ಎರಡು ಸಿನಿಮಾನ ಕಟ್ಟಿಹಾಕಿರೋದೇ ಆ ಫೋನ್. ನಾನು ಬಾಡಿಗೆ ಕ್ಯಾಸೆಟ್‌ನಲ್ಲಿ ನೋಡಿದಾಗ ಇದು ಗೊತ್ತೇ ಆಗಿರ್ಲಿಲ್ಲ, ಆಮೇಲೆ ಒಂದಿನ ರಿವೈಂಡ್ ಮಾಡಿ ಮಾಡಿ ನೋಡಿದ್ರೆ ಆ ಕಡೆ ಈ ಕಡೆ ಫಿಲ್ಮಿನ ಬಣ್ಣನೇ ಬೇರೆ. ಹ್ಯಾರಿಸನ್‌ಗೂ ಮೋಸನೇ ಆಯ್ತು, ಕೆಲವೇ ಸಿನಿಮಾಗೆ ಅಂತ ಒಪ್ಕೊಂಡು ಬಂದವನ ದೃಶ್ಯಗಳನ್ನ ಇನ್ನೆಷ್ಟೋ ಸಿನಿಮಾಗಳಿಗೆ ಹಂಚಿಬಿಟ್ರು.

ನಿಜವಾದ ಜಂಟಿ ನಿರ್ಮಾಣಗಳೂ ಇದ್ವು. 1974ರಲ್ಲಿ ಇಂಗ್ಲೆಂಡಿನ ಹ್ಯಾಮರ್, ಹಾಂಗ್‌ಕಾಂಗಿನ ಶಾ ಬ್ರದರ್ಸ್ ಅನ್ನೋ ಎರಡು ಸಿನಿಮಾ ಕಂಪನಿ ಸೇರಿ ದಿ ಲೆಜೆಂಡ್ ಆಫ್ ದಿ 7 ಗೋಲ್ಡನ್ ವ್ಯಾಂಪೈರ್ಸ್ ಮಾಡಿದ್ರು. ಅಲ್ಲಿ ಇಂಗ್ಲಿಷ್ ನಟ ಪೀಟರ್ ಕುಶಿಂಗ್, ಹಾಂಗ್‌ಕಾಂಗ್ ನಟ ಡೇವಿಡ್ ಚಿಯಾಂಗ್ ಒಂದೇ ಫ್ರೇಮಲ್ಲಿ ನಿಂತಿದಾರೆ, ಫೈಟ್ ಕಂಪೋಸ್ ಮಾಡಿದ್ದು ಲಾವ್ ಕಾರ್ ಲಿಯುಂಗ್ ಮತ್ತೆ ಟಾಂಗ್ ಚಿಯಾ. ಆಗ ಹಾಂಗ್‌ಕಾಂಗ್ ಸಿನಿಮಾಗಳಿಗೆ ಆಮೇಲೆ ಡಬ್ ಮಾಡೋದೇ ರೂಢಿ, ಹಾಗಾಗಿ ಅಲ್ಲಿನ ಸ್ಟುಡಿಯೋ ಸೌಂಡ್‌ಪ್ರೂಫ್ ಇರ್ಲಿಲ್ಲ, ಸ್ಪಾಟಲ್ಲೇ ಸೌಂಡ್ ರೆಕಾರ್ಡ್ ಮಾಡಿ ಅಭ್ಯಾಸ ಇದ್ದ ಇಂಗ್ಲಿಷ್ ಟೀಮಿಗೆ ಒದ್ದಾಟ ಆಯ್ತು. ಒಬ್ರ ಕೆಲ್ಸದ ರೀತಿ ಇನ್ನೊಬ್ರಿಗೆ ಹೀಗೆ ಡಿಕ್ಕಿ ಹೊಡೀಬೇಕು, ಅದೇ ಜಂಟಿ ನಿರ್ಮಾಣ ನನ್ನ ಪ್ರಕಾರ.

ಇನ್ನೊಂದು ಬರೀ ಕಾಗದದ ಮೇಲಿಂದು. ದಕ್ಷಿಣ ಕೊರಿಯಾದಲ್ಲಿ ವಿದೇಶಿ ಸಿನಿಮಾ ತರೋಕೆ ಸರ್ಕಾರದ ಕೋಟಾ ಇತ್ತು, ಹಾಗಾಗಿ 70ರ ದಶಕದಲ್ಲಿ ಹಾಂಗ್‌ಕಾಂಗ್ ಸಿನಿಮಾಗೆ ಒಬ್ಬಿಬ್ರು ಕೊರಿಯನ್ನರ ಹೆಸ್ರು ಸೇರಿಸಿ ಜಂಟಿ ನಿರ್ಮಾಣ ಅಂತ ತೋರಿಸಿ ಬಿಡುಗಡೆ ಮಾಡ್ಕೊಳ್ತಿದ್ರು.

ನನಗೆ ಸಂಕಟ ಆಗೋದು ಕೊರಿಯಾದವ್ರ ವಿಷ್ಯದಲ್ಲಿ. ಆ ಕಾಗದದ ಜಂಟಿ ನಿರ್ಮಾಣಗಳಲ್ಲಿ ಅವ್ರು ಮಾಡದ ಸಿನಿಮಾಗೆ ಹೆಸ್ರು ಹಾಕಿದ್ರು, ಈ ನಿಂಜಾ ಸಿನಿಮಾಗಳಲ್ಲಿ ಕಷ್ಟಪಟ್ಟು ಮಾಡಿದ್ದಕ್ಕೆ ಹೆಸ್ರೇ ತೆಗೆದ್ರು. ನಿಂಜಾ ಟರ್ಮಿನೇಟರ್ ಒಳಗಿರೋದು 1984ರ ಕೊರಿಯನ್ ಸಿನಿಮಾ, ನಿರ್ದೇಶಕ ಕಿಮ್ ಸಿ ಹ್ಯುನ್. ಅದ್ರಲ್ಲಿ ಉದ್ದ ಹೊಂಬಣ್ಣದ ವಿಗ್ ಹಾಕಿರೋ ವಿಲನ್ ಇದಾನಲ್ಲ, ಅವ್ನು ಹ್ವಾಂಗ್ ಜಾಂಗ್ ಲೀ, 1978ರ ಡ್ರಂಕನ್ ಮಾಸ್ಟರ್‌ನಲ್ಲಿ ಜಾಕಿ ಚಾನ್‌ಗೆ ಎದುರು ನಿಂತವ್ನು. ಮುಂದಿನ ಸಲ ನೋಡುವಾಗ ನಿಂಜಾ ಸೀನ್ ಎಲ್ಲ ಓಡಿಸ್ಕೊಂಡು ಹೋಗಿ ಅವ್ನ ಕಾಲು ಒಂದು ನೋಡಿ, ಒಂದು ಒದೆತ ಮುಗಿದು ಕಾಲು ನೆಲ ಮುಟ್ಟೋ ಮೊದ್ಲೇ ಇನ್ನೊಂದು ಬಂದಿರುತ್ತೆ.