ಅಕ್ಕನ ಮಕ್ಕಳಿಗಾಗಿ ಮದುವೆಯಾಗಲೇ?

ಪ್ರಶ್ನೆ: ನನಗೆ 36 ವರ್ಷ. ಊರು ಕಾರ್ಕಳದ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ನಾನು ಗೇ. ಗದಗ ಕಡೆಯ ಗೆಳೆಯನ ಜೊತೆ ಎಂಟು ವರ್ಷದಿಂದ ಒಂದೇ ಮನೆಯಲ್ಲಿದ್ದೇನೆ. ಊರಿನವರ ಪಾಲಿಗೆ ಅವನು ನನ್ನ ರೂಮ್‌ಮೇಟ್. ನಾಲ್ಕು ತಿಂಗಳ ಹಿಂದೆ ಅಕ್ಕ, ಭಾವ ಇಬ್ಬರೂ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರ ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ ಈಗ ನಮ್ಮ ಜೊತೆ ಇದ್ದಾರೆ. ಭಾವನ ತಮ್ಮ ಮಕ್ಕಳನ್ನು ತಾನೇ ಸಾಕುತ್ತೇನೆ ಎನ್ನುತ್ತಿದ್ದಾನೆ. ಅವನ ಕಣ್ಣು ಭಾವ ಕಟ್ಟಿಸಿದ ಮನೆಯ ಮೇಲೆ ಎಂದು ಅಮ್ಮನ ಅನುಮಾನ. ‘ಮದುವೆಯಾಗದವನಿಗೆ ಕೋರ್ಟು ಮಕ್ಕಳನ್ನು ಕೊಡುತ್ತದಾ? ಮಕ್ಕಳಿಗೆ ಹೆಂಗಸಿನ ಕೈ ಬೇಕು’ ಎಂದು ಅಮ್ಮ ಮೂಡುಬಿದಿರೆಯಲ್ಲಿ ಒಂದು ಸಂಬಂಧ ನೋಡಿದ್ದಾರೆ. ಮಕ್ಕಳಿಗೋಸ್ಕರ ಒಪ್ಪಿಕೊಂಡು, ಗೆಳೆಯನಿಗೆ ಸ್ವಲ್ಪ ಕಾಲ ಬೇರೆ ಮನೆ ಮಾಡಲು ಹೇಳಲೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ಬೇಡ. ಮದುವೆಯೂ ಬೇಡ, ‘ಸ್ವಲ್ಪ ಕಾಲ’ವೂ ಬೇಡ.

ನಿಮ್ಮ ಪತ್ರ ಉದ್ದವಿತ್ತು, ಮೇಲೆ ಹಾಕಿರುವುದು ಅದರ ಕಾಲು ಭಾಗ. ಅಷ್ಟು ಉದ್ದದ ಪತ್ರದಲ್ಲಿ ಮೂಡುಬಿದಿರೆಯ ಹುಡುಗಿಯ ಬಗ್ಗೆ ಇರುವುದು ಒಂದೇ ಸಾಲು: ಬಿ.ಎಡ್. ಆಗಿದೆ, ಮಕ್ಕಳೆಂದರೆ ಇಷ್ಟ. ಆಕೆ ಬರುವುದು ಗಂಡ ಬೇಕೆಂದು. ನಿಮಗೆ ಬೇಕಿರುವುದು ಆಯಾ. ಇದು ಆಕೆಗೆ ಗೊತ್ತಾಗುವ ದಿನ ಆ ಮನೆಯಲ್ಲಿ ಅಳುವವರು ಇಬ್ಬರಲ್ಲ, ಐದು ಮಂದಿ. ಇದರಲ್ಲಿ ಚರ್ಚೆ ಮಾಡುವುದೇನೂ ಇಲ್ಲ, ಮುಂದೆ ಹೋಗೋಣ.

ಉಳಿದ ಪತ್ರದ ತುಂಬ ನಿಮ್ಮ ಗೆಳೆಯರೇ. ಕುಚ್ಚಲಕ್ಕಿ ಎಷ್ಟು ಸೀಟಿಗೆ ಬೇಯುತ್ತದೆ ಎಂದು ನಿಮ್ಮಮ್ಮನಿಗೆ ಫೋನ್ ಮಾಡಿ ಕೇಳಿದವರು ಅವರು. ಯೂಟ್ಯೂಬ್ ನೋಡಿ ಎರಡು ಜಡೆ ಹಾಕುವುದು ಕಲಿತು, ಬೈತಲೆ ಸೊಟ್ಟಗಾಯಿತೆಂದು ಹುಡುಗಿಯಿಂದ ಬೈಸಿಕೊಂಡವರು ಅವರು. ರಾತ್ರಿ ಚಿಕ್ಕವನು ಹಾಸಿಗೆ ಒದ್ದೆ ಮಾಡಿದರೆ ಎದ್ದು ಚಾದರ ಬದಲಿಸುವವರೂ ಅವರೇ. ಆದರೆ ಅವರು ಏನು ಹೇಳಿದರು ಎಂಬುದು ಪತ್ರದಲ್ಲಿ ಒಂದು ಕಡೆಯೂ ಇಲ್ಲ. ಅಮ್ಮ ಅಂದದ್ದಿದೆ, ಭಾವನ ತಮ್ಮ ಅಂದದ್ದಿದೆ, ಮೇಲಿನ ಮನೆಯವರು ಲಿಫ್ಟಿನಲ್ಲಿ ಕೇಳಿದ್ದು ಕೂಡ ಇದೆ. ಬೇರೆ ಮನೆ ಮಾಡಿಸುವ ಬಗ್ಗೆ ನನ್ನ ಅಭಿಪ್ರಾಯ ಕೇಳಿದ್ದೀರಿ. ಅವರನ್ನು ಕೇಳಿದ್ದೀರಾ?

ಮಕ್ಕಳು ಬೇಡ ಎಂದು ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದೆವು ಎಂದು ನೀವೇ ಬರೆದಿದ್ದೀರಿ. ಶವ ಸಂಸ್ಕಾರ ಮುಗಿಸಿ ಮಕ್ಕಳನ್ನು ಕರೆತಂದ ರಾತ್ರಿ ಆ ಮಾತು ಎತ್ತಲು ಹೊತ್ತಿರಲಿಲ್ಲ, ನಿಜ. ಆಮೇಲೆ ನಾಲ್ಕು ತಿಂಗಳಾಯಿತು. ಅವರು ಗಂಜಿ ಬೇಯಿಸಿದ್ದನ್ನೇ ನೀವು ಒಪ್ಪಿಗೆ ಎಂದುಕೊಂಡಿದ್ದೀರಿ. ನಿಮಗಾದರೆ ರಕ್ತಸಂಬಂಧದ ಹೊಣೆ. ಅವರಿಗೆ ನಿಮ್ಮ ಮೇಲೆ ಪ್ರೀತಿಯಿದೆ, ಈಗ ಮಕ್ಕಳ ಮೇಲೂ ಹುಟ್ಟಿರಬಹುದು. ಆದರೆ ಅದನ್ನು ಅವರ ಬಾಯಿಂದಲೇ ಕೇಳಬೇಕು. ‘ಇಷ್ಟು ಆಗುತ್ತದೆ, ಇಷ್ಟು ಆಗುವುದಿಲ್ಲ’ ಎಂದರೆ ಅದನ್ನು ದ್ರೋಹ ಅನ್ನಬೇಡಿ. ಅಡುಗೆಗೆ ಒಬ್ಬರನ್ನು ಇಟ್ಟುಕೊಳ್ಳಿ, ಸಂಜೆಯ ಹೋಂವರ್ಕ್ ನೀವು ವಹಿಸಿಕೊಳ್ಳಿ.

ಮಕ್ಕಳು ಬಂದ ಮೇಲೆ ಅವರು ಹಾಲ್‌ನ ದಿವಾನದ ಮೇಲೆ ಮಲಗುತ್ತಾರಂತೆ, ‘ಮಕ್ಕಳ ಮುಂದೆ ಚೆನ್ನಾಗಿರೋಲ್ಲ’ ಅಂತ. ಅಕ್ಕ ಭಾವ ಒಂದೇ ಕೋಣೆಯಲ್ಲಿ ಮಲಗುತ್ತಿದ್ದಾಗ ಆ ಮಕ್ಕಳೇನು ಕೆಟ್ಟುಹೋಗಿದ್ದರೇ? ಎಂಟು ವರ್ಷದ ಸಂಗಾತಿಯನ್ನು ಅವರದೇ ಮನೆಯಲ್ಲಿ ನೆಂಟರ ಹಾಗೆ ಮಲಗಿಸಿ, ಈಗ ಬೇರೆ ಮನೆ ಮಾಡು ಎಂದರೆ ಅವರು ಹೋಗಿಬಿಡಬಹುದು, ಮತ್ತೆ ಬರದಿರಲೂಬಹುದು. ವಾರಕ್ಕೊಂದು ಸಂಜೆ ನಂಬಿಕಸ್ತರೊಬ್ಬರ ಹತ್ತಿರ ಮಕ್ಕಳನ್ನು ಬಿಟ್ಟು ಇಬ್ಬರೇ ಹೊರಗೆ ಹೋಗಿ. ಮೊದಮೊದಲು ಮಕ್ಕಳ ಮಾತೇ ಬರುತ್ತದೆ. ಬರಲಿ.

ಇನ್ನು ಕಾಗದಪತ್ರ. ಅಪಘಾತ ಪರಿಹಾರದ ಅರ್ಜಿಯನ್ನು ಆರು ತಿಂಗಳೊಳಗೆ ನ್ಯಾಯಮಂಡಳಿಗೆ ಹಾಕಬೇಕೆಂದು ಮೋಟಾರು ವಾಹನ ಕಾಯ್ದೆಗೆ ತಂದ, 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ತಿದ್ದುಪಡಿ ಹೇಳುತ್ತದೆ. ನಿಮಗೆ ಉಳಿದಿರುವುದು ಎರಡೇ ತಿಂಗಳು. ಈ ವಾರವೇ ವಕೀಲರನ್ನು ನೋಡಿ. ಅವರ ಕೈಯಲ್ಲೇ ಪೋಷಕತ್ವದ ಅರ್ಜಿಯನ್ನೂ ಬರೆಸಿ. ಮಕ್ಕಳು ನಿಮ್ಮ ಮನೆಯಲ್ಲಿ ಉಂಡು ಮಲಗುತ್ತಾರೆಂಬ ಮಾತ್ರಕ್ಕೆ ನೀವು ಕಾನೂನಿನ ಕಣ್ಣಿಗೆ ಪೋಷಕರಾಗುವುದಿಲ್ಲ. 1956ರ ಹಿಂದೂ ಅಪ್ರಾಪ್ತರ ಕಾಯ್ದೆ ಹೇಳುವ ಸಹಜ ಪೋಷಕರಲ್ಲಿ ಸೋದರಮಾವನೂ ಇಲ್ಲ, ಚಿಕ್ಕಪ್ಪನೂ ಇಲ್ಲ. ಯಾರಾದರೂ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಕೋರ್ಟಿಗೇ ಹೋಗಬೇಕು. ಕೋರ್ಟು ನೋಡುವುದು ಮಕ್ಕಳ ಹಿತ, ಕೇಳುವವರ ನಡತೆ ಮತ್ತು ಶಕ್ತಿ, ಸಂಬಂಧದ ಹತ್ತಿರ. ಮಗು ತಿಳಿದು ಹೇಳುವಷ್ಟು ದೊಡ್ಡದಾಗಿದ್ದರೆ ಅದರ ಇಷ್ಟವನ್ನೂ ಕೇಳಬಹುದು. ಮದುವೆಯಾಗಿರಲೇಬೇಕು ಎಂಬ ಷರತ್ತು ಅದರಲ್ಲಿಲ್ಲ. ಇದನ್ನು ಅಮ್ಮನಿಗೆ ಬಿಡಿಸಿ ಹೇಳಿ. ಆಸ್ತಿಯ ಅನುಮಾನಕ್ಕೂ ಉತ್ತರ ಅಲ್ಲೇ ಇದೆ: ಕೋರ್ಟು ನೇಮಿಸಿದ ಪೋಷಕರು ಯಾರೇ ಇರಲಿ, ಅದರ ಅನುಮತಿಯಿಲ್ಲದೆ ಮಕ್ಕಳ ಪಾಲಿನ ಮನೆ, ಜಮೀನು ಮಾರುವಂತಿಲ್ಲ.

ಭಾವನ ತಮ್ಮ ನಿಮ್ಮಿಬ್ಬರ ಸಂಬಂಧವನ್ನೇ ಕೋರ್ಟಿನಲ್ಲಿ ಎತ್ತಿದರೆ? ಎತ್ತಬಹುದು. 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅದು ಅಪರಾಧವಲ್ಲ. ಆದರೂ ಎಲ್ಲ ನ್ಯಾಯಾಧೀಶರೂ ಒಂದೇ ಕಣ್ಣಿನಿಂದ ನೋಡುತ್ತಾರೆಂದು ನಾನು ಮಾತು ಕೊಡಲಾರೆ. ವಕೀಲರಿಗೆ ಎಲ್ಲವನ್ನೂ ಮೊದಲೇ ಹೇಳಿ. ಅವರ ಮುಖ ಗಂಟಾದರೆ ವಕೀಲರನ್ನು ಬದಲಿಸಿ. ಕೋರ್ಟಿಗೆ ಕೊಡುವ ಪ್ರಮಾಣಪತ್ರದಲ್ಲಿ ಮಾತ್ರ ಸುಳ್ಳು ಬೇಡ. ಸಂಬಂಧಕ್ಕಿಂತ ಸುಳ್ಳೇ ನಿಮ್ಮ ‘ನಡತೆ’ಗೆ ಮುಳುವಾಗುತ್ತದೆ. ಮಕ್ಕಳ ಅಜ್ಜಿ ನಿಮ್ಮ ಪರ ನಿಂತರೆ ಅದಕ್ಕಿಂತ ದೊಡ್ಡ ಬಲವಿಲ್ಲ.

ದತ್ತಿನ ದಾರಿ ಸುಲಭವಲ್ಲ, 1956ರ ಹಿಂದೂ ದತ್ತಕ ಕಾಯ್ದೆಯಡಿ ಅವಕಾಶವಿದೆಯೇ ಎಂದು ವಕೀಲರನ್ನೇ ಕೇಳಿ. ಒಂಟಿ ಗಂಡಸು ಹೆಣ್ಣುಮಗುವನ್ನು ದತ್ತು ಪಡೆಯಲು ಬಾಲನ್ಯಾಯ ಕಾಯ್ದೆ ಬಿಡುವುದಿಲ್ಲ. ಜೋಡಿಯಾಗಿ ಪಡೆಯೋಣವೆಂದರೆ, 2023ರ ಅಕ್ಟೋಬರ್ 17ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆಯೂ ಸಿಗಲಿಲ್ಲ, ದತ್ತಿನ ಹಕ್ಕೂ 3–2 ಬಹುಮತದಲ್ಲಿ ಬಿದ್ದುಹೋಯಿತು. ನಿಮಗೇನಾದರೂ ಆದರೆ ಮಕ್ಕಳನ್ನು ಗೆಳೆಯರಿಗೆ ಒಪ್ಪಿಸುತ್ತೇನೆಂದು ಉಯಿಲು ಬರೆದರೂ ನಡೆಯದು, ಆ ಅಧಿಕಾರ ಹೆತ್ತವರದ್ದು. ಎಂಟು ವರ್ಷ ಒಟ್ಟಿಗೆ ಬಾಳಿದವರಿಗೆ ಕಾನೂನು ಕೊಟ್ಟಿರುವುದು ಇಷ್ಟೇ, ಸಿಟ್ಟು ಬಂದರೆ ತಪ್ಪಿಲ್ಲ. ಸಿಕ್ಕಷ್ಟನ್ನು ಬಿಡಬೇಡಿ: ಜಂಟಿ ಬ್ಯಾಂಕ್ ಖಾತೆ ತೆರೆಯಲು, ಅದಕ್ಕೆ ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು ಕೇಂದ್ರ ಹಣಕಾಸು ಇಲಾಖೆ 2024ರ ಆಗಸ್ಟ್‌ನಲ್ಲೇ ಸ್ಪಷ್ಟಪಡಿಸಿದೆ. ಶಾಲೆಯ ಗೇಟಿನಲ್ಲಿ ಸೆಕ್ಯುರಿಟಿಯವರು ನಿಮ್ಮ ಗೆಳೆಯರನ್ನು ಅರ್ಧ ಗಂಟೆ ನಿಲ್ಲಿಸಿದರಂತಲ್ಲ, ನಾಳೆಯೇ ಹೋಗಿ ಮಕ್ಕಳನ್ನು ಕರೆದೊಯ್ಯುವವರ ಕಾರ್ಡಿನಲ್ಲಿ ಅವರ ಫೋಟೊ ಹಾಕಿಸಿ. ಅದಕ್ಕೆ ಯಾವ ಕಾಯ್ದೆಯೂ ಬೇಕಿಲ್ಲ.

ಹುಡುಗಿ ಒಂದು ದಿನ ತಟ್ಟೆ ಮುಂದೆ ಕೂತು, ‘ಅಂಕಲ್ ಅವರ ಮನೆಗೆ ಯಾವಾಗ ಹೋಗ್ತಾರೆ?’ ಎಂದಳಂತೆ. ಅವಳಿಗೆ ಅವರು ಬೇಡವಾಗಿದ್ದಾರೆ ಎಂದು ನೀವು ತಿಳಿದಿದ್ದೀರಿ. ನನಗೆ ಹಾಗೆ ಕಾಣುವುದಿಲ್ಲ. ಸಂಜೆ ಬರುತ್ತೇವೆಂದು ಹೋದ ಅಪ್ಪ ಅಮ್ಮ ಬರಲಿಲ್ಲ. ಮುಂದೆ ಯಾರು ಹೋಗುವವರು ಎಂದು ಅವಳು ಈಗಲೇ ಲೆಕ್ಕ ಹಾಕುತ್ತಿದ್ದಾಳೆ. ‘ಇದೇ ಅವರ ಮನೆ, ಅವರು ಎಲ್ಲೂ ಹೋಗಲ್ಲ’ ಎಂದು ಅವಳಿಗೆ ಹೇಳಬೇಕಾದರೆ, ಅದು ನಿಜ ಎಂಬುದನ್ನು ನೀವಿಬ್ಬರೂ ಮೊದಲು ತೀರ್ಮಾನಿಸಬೇಕು. ನಾವು ಒಬ್ಬರನ್ನೊಬ್ಬರು ಪ್ರೀತಿಸುತ್ತೇವೆ, ಅದಕ್ಕೇ ಒಟ್ಟಿಗಿದ್ದೇವೆ ಎಂದರೆ ಒಂಬತ್ತು ವರ್ಷದ ಮಗುವಿಗೆ ಸಾಕು. ‘ಅಜ್ಜಿಗೆ ಹೇಳಬೇಡ’ ಎಂದು ಮಾತ್ರ ಸೇರಿಸಬೇಡಿ. ಆ ಗುಟ್ಟು ಹೊರುವ ವಯಸ್ಸಲ್ಲ ಅವಳದು. ಚಿಕ್ಕವನು ಹಾಸಿಗೆ ಒದ್ದೆ ಮಾಡುವುದಕ್ಕೆ ಗದರಬೇಡಿ, ಇಂಥ ಆಘಾತದ ನಂತರ ಅದು ಮರುಕಳಿಸುವುದುಂಟು. ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯರ ವಿಭಾಗವೇ ಇದೆ, ಇಬ್ಬರನ್ನೂ ಒಮ್ಮೆ ತೋರಿಸಿ. ನಿಮಗೇ ರಾತ್ರಿ ತಡೆಯದಾದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ನೀವು ಅಕ್ಕನನ್ನು ಕಳೆದುಕೊಂಡವರು ಎಂಬುದು ಪತ್ರದಲ್ಲಿ ನಿಮಗೇ ಮರೆತಹಾಗಿದೆ.

ಅಮ್ಮ ಅಳಿಯಸಂತಾನದ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ ಮನೆಯವರು, ಅವರನ್ನು ಸಾಕಿದ್ದೂ ಸೋದರಮಾವನೇ ಎಂದಿದ್ದೀರಿ. ಅಕ್ಕನ ಮಕ್ಕಳ ಹೊಣೆ ಯಾರದೆಂದು ಅವರಿಗೆ ಯಾರೂ ಕಲಿಸಬೇಕಿಲ್ಲ. ಮಕ್ಕಳಿಗೆ ಜ್ವರ ಬಂದರೆ ಅವರು ಫೋನ್ ಮಾಡುವುದು ನಿಮಗಲ್ಲ, ನಿಮ್ಮ ಗೆಳೆಯರಿಗೆ. ಒಳಗೊಳಗೇ ಅವರಿಗೆ ಅರ್ಧ ಗೊತ್ತಿರಬಹುದು. ಉಳಿದರ್ಧವನ್ನು ಊರಿಗೆ ಹೋಗಿ, ಎದುರು ಕೂತು ಹೇಳಿ. ಮಗಳನ್ನು ಕಳೆದುಕೊಂಡ ಜೀವ, ಅಳಬಹುದು, ಮಾತು ಬಿಡಲೂಬಹುದು. ಕೋರ್ಟಿನ ಅರ್ಜಿಗೆ ಮುಂಚೆ ಅವರಿಗೆ ನಿಮ್ಮ ಬಾಯಿಂದಲೇ ಗೊತ್ತಾಗಲಿ, ಭಾವನ ತಮ್ಮನ ಬಾಯಿಂದಲ್ಲ. ಮದುವೆ ಬೇಡವೆಂಬ ಒಂದು ಮಾತನ್ನು ಮಾತ್ರ ಇವತ್ತೇ ಫೋನಿನಲ್ಲಿ ಹೇಳಿಬಿಡಿ. ಮೂಡುಬಿದಿರೆಯವರು ಭಾನುವಾರ ಜಾತಕ ಹಿಡಿದು ಹೊರಡುವವರಿದ್ದಾರೆ.