ಓದುಗರ ಪ್ರಶ್ನೆ: ಹಿತ್ತಲಲ್ಲೊಂದು ಕುಲುಮೆ

ಕಬ್ಬಿಣ ಕಾಯಿಸಿ ಬಡಿಯುವುದನ್ನು ಹವ್ಯಾಸವಾಗಿ ಕಲಿಯಲು ಹೊರಟವರ ಪತ್ರಗಳಿಗೆ ಈ ಸಂಚಿಕೆಯನ್ನು ಮೀಸಲಿಟ್ಟಿದ್ದೇವೆ. ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಒಟ್ಟುಗೂಡಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮದು 30x40 ನಿವೇಶನದ ಮನೆ. ಹಿತ್ತಲಲ್ಲಿ ಶೀಟು ಹೊದಿಸಿದ ಸ್ವಲ್ಪ ಜಾಗವಿದೆ. ಅಲ್ಲಿ ಕುಲುಮೆ ಹಾಕಬಹುದೇ? ಇದ್ದಿಲು, ಕಲ್ಲಿದ್ದಲು, ಗ್ಯಾಸ್, ಇವುಗಳಲ್ಲಿ ಯಾವುದು ಒಳ್ಳೆಯದು? (ಮೈಸೂರು)

ಉತ್ತರ: ಹಾಕಬಹುದು, ಆದರೆ ಜಾಗದ ಅಳತೆಗಿಂತ ಗಾಳಿಯ ಓಡಾಟವನ್ನು ಮೊದಲು ನೋಡಿ. ಉರಿಯುವ ಇದ್ದಿಲಿನಿಂದ ಹೊರಡುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಆದ್ದರಿಂದ ಶೀಟಿನ ಕೆಳಗಿನ ಜಾಗ ಕನಿಷ್ಠ ಎರಡು ಕಡೆ ಪೂರ್ತಿ ತೆರೆದಿರಬೇಕು, ಗ್ಯಾರೇಜಿನ ಶಟರ್ ಅರ್ಧ ಎತ್ತಿಟ್ಟರೆ ಸಾಕೆಂದು ಭಾವಿಸಬಾರದು. ನೆಲ ಮಣ್ಣಿನದಾಗಿದ್ದರೆ ಹಾಗೆಯೇ ಬಿಡಿ. ಕೆಂಡದಂಥ ಕಬ್ಬಿಣ ಬಿದ್ದರೆ ಸಿಮೆಂಟು ನೆಲ ಚಕ್ಕೆಯೆದ್ದು ಸಿಡಿಯುತ್ತದೆ.

ಪಕ್ಕದ ಮನೆಯ ಕಿಟಕಿ ಕೈಗೆಟುಕುವಷ್ಟು ಹತ್ತಿರವಿರುವ ಬಡಾವಣೆಗಳಲ್ಲಿ ಕಲ್ಲಿದ್ದಲು ಬೇಡವೆಂದೇ ನಮ್ಮ ಸಲಹೆ. ಹೊತ್ತಿಸಿದ ಮೊದಲ ಹೊತ್ತಿನಲ್ಲಿ ಅದು ಕಾರುವ ಹಳದಿ ಹೊಗೆ ಮತ್ತು ಗಂಧಕದ ನಾತ ಯಾವ ಸ್ನೇಹವನ್ನೂ ಉಳಿಸುವುದಿಲ್ಲ. ಗ್ಯಾಸಿನ ಒಲೆ ಶುಚಿಯಾದದ್ದು ನಿಜ, ಆದರೆ ಅಡುಗೆಗೆಂದು ಕೊಟ್ಟ 14.2 ಕಿಲೋ ಸಿಲಿಂಡರನ್ನು ಈ ಕೆಲಸಕ್ಕೆ ಬಳಸುವುದು ನಿಯಮಕ್ಕೆ ವಿರುದ್ಧ; ವಾಣಿಜ್ಯ ಸಂಪರ್ಕವನ್ನೇ ಪಡೆಯಬೇಕು. ಕಲಿಯುವವರಿಗೆ ಇದ್ದಿಲೇ ಸರಿ. ಅದು ಕಿಡಿ ಹಾರಿಸುತ್ತದೆ, ಬೇಗ ತೀರಿಯೂ ಹೋಗುತ್ತದೆ, ಆದರೆ ಹೊಗೆ ಕಡಿಮೆ, ಗಂಧಕ ಇಲ್ಲವೆಂದರೂ ನಡೆಯುತ್ತದೆ. ಮೂಟೆಯಿಂದ ತೆಗೆದು ಹಾಗೆಯೇ ಸುರಿಯದೆ ಅಡಿಕೆಗಿಂತ ಸ್ವಲ್ಪ ದೊಡ್ಡ ತುಂಡುಗಳಾಗಿ ಒಡೆದು, ಪುಡಿಯನ್ನು ಜರಡಿ ಹಿಡಿದು ಬೇರೆ ಮಾಡಿ.

ಒಲೆಗೆ ಹಳೆಯ ಬ್ರೇಕ್ ಡ್ರಮ್ ಅಥವಾ ದಪ್ಪ ತಗಡಿನ ಪೆಟ್ಟಿಗೆ ಸಾಕು. ಮರಳು ಬೆರೆಸಿದ ಜೇಡಿಮಣ್ಣನ್ನು ಒಳಗೆ ಮೆತ್ತಿ ಚೆನ್ನಾಗಿ ಒಣಗಿಸಿ, ಸುಮಾರು ಒಂದು ಅಂಗುಲ ಒಳವ್ಯಾಸದ, ಸತುವಿನ ಲೇಪವಿಲ್ಲದ ಕೊಳವೆಯನ್ನು ಪಕ್ಕದಿಂದ ತೂರಿಸಿ, ಅದಕ್ಕೆ ಕೈಯಲ್ಲಿ ತಿರುಗಿಸುವ ಬ್ಲೋವರ್ ಜೋಡಿಸಿ. ಹೇರ್ ಡ್ರೈಯರ್ ಕೂಡ ತಿದಿಯ ಕೆಲಸ ಮಾಡುತ್ತದೆ, ಆದರೆ ಅದರ ಗಾಳಿ ಹೆಚ್ಚಾಗುವುದರಿಂದ ಕೊಳವೆಗೂ ಅದಕ್ಕೂ ನಡುವೆ ಸ್ವಲ್ಪ ಅಂತರ ಬಿಟ್ಟು ಒಂದು ಭಾಗ ಹೊರಗೆ ಸೋರಿಹೋಗಲು ಬಿಡಬೇಕು. ಹೊಸಬರು ಸಾಮಾನ್ಯವಾಗಿ ಕಬ್ಬಿಣವನ್ನು ಕೊಳವೆಯ ಬಾಯಿಗೇ ಒಡ್ಡುತ್ತಾರೆ. ಅಲ್ಲಿ ಉರಿಯದೆ ಉಳಿದ ಆಮ್ಲಜನಕವೇ ಹೆಚ್ಚಿರುವುದರಿಂದ ಕಬ್ಬಿಣದ ಮೈಮೇಲೆ ಕಪ್ಪು ಹಕ್ಕಳೆ ಕಟ್ಟಿ ಉದುರುತ್ತದೆ. ಗಾಳಿಯ ಬಾಯಿಂದ ನಾಲ್ಕೈದು ಅಂಗುಲ ಮೇಲೆ, ಕೆಂಡದ ನಡುವೆ ಅಡ್ಡಲಾಗಿ ಇಟ್ಟು, ಅದರ ಮೇಲೂ ಕೆಂಡ ಮುಚ್ಚಿರಬೇಕು.

ಇನ್ನು ಸದ್ದಿನ ಮಾತು. ವಸತಿ ಪ್ರದೇಶಕ್ಕೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ. ಸುತ್ತಿಗೆಯ ಪೆಟ್ಟು ಅದನ್ನು ಸುಲಭವಾಗಿ ಮೀರುತ್ತದೆ. ಅಡಿಗಲ್ಲನ್ನು, ಅಂದರೆ ಕಾದ ಕಬ್ಬಿಣವನ್ನು ಇಟ್ಟು ಬಡಿಯುವ ಉಕ್ಕಿನ ಗಟ್ಟಿಯನ್ನು, ಮರದ ದಿಮ್ಮಿಗೆ ಬಿಗಿಯಾಗಿ ಕಟ್ಟಿ ಸುತ್ತ ಸರಪಳಿ ಸುತ್ತಿದರೆ ಅದರ ಗಂಟೆಯಂಥ ನಾದ ಬಹಳಷ್ಟು ಅಡಗುತ್ತದೆ. ಅಕ್ಕಪಕ್ಕದವರಿಗೆ ಮೊದಲೇ ಹೇಳಿ, ಬೆಳಗಿನ ಹೊತ್ತನ್ನು ನಿಗದಿ ಮಾಡಿಕೊಳ್ಳಿ.

ಪ್ರಶ್ನೆ: ಹೊಸ ಅಡಿಗಲ್ಲಿನ ಬೆಲೆ ಕೇಳಿ ಹಿಂದೆ ಸರಿದೆ. ರೈಲು ಕಂಬಿಯ ತುಂಡು ಆಗುತ್ತದೆಯೇ? (ಶಿವಮೊಗ್ಗ)

ಉತ್ತರ: ಚೆನ್ನಾಗಿಯೇ ಆಗುತ್ತದೆ. ನಮ್ಮ ಮುಖ್ಯ ಮಾರ್ಗಗಳ ಕಂಬಿ ಮೀಟರಿಗೆ 52 ಅಥವಾ 60 ಕಿಲೋ ತೂಗುತ್ತದೆ, ಅಂದರೆ 40 ಸೆಂಟಿಮೀಟರಿನ ತುಂಡಿನಲ್ಲಿ 20 ಕಿಲೋ ಮೀರಿದ ಉಕ್ಕು ಸಿಗುತ್ತದೆ. ಎಲ್ಲರೂ ಅದನ್ನು ಮಲಗಿಸಿ ಬಳಸುತ್ತಾರೆ. ನೆಟ್ಟಗೆ ನಿಲ್ಲಿಸಿ ದಿಮ್ಮಿಯಲ್ಲಿ ಹುದುಗಿಸಿದರೆ ಪೂರ್ತಿ ತೂಕ ಪೆಟ್ಟಿನ ಕೆಳಗೇ ಬರುವುದರಿಂದ ಕೆಲಸ ಇನ್ನೂ ಚುರುಕಾಗುತ್ತದೆ, ಬಡಿಯುವ ಮುಖ ಕಿರಿದಾದರೂ ಪರವಾಗಿಲ್ಲ. ನೀವು ನೇರವಾಗಿ ನಿಂತು ಮುಷ್ಟಿ ಬಿಗಿದು ಕೈ ಇಳಿಬಿಟ್ಟಾಗ ಬೆರಳ ಗೆಣ್ಣು ತಾಗುವ ಎತ್ತರಕ್ಕೆ ಮುಖ ಬರಲಿ. ಆದರೆ ಆ ತುಂಡು ಎಲ್ಲಿಂದ ಬಂತೆಂಬುದು ಮುಖ್ಯ. ರೈಲ್ವೆ ಆಸ್ತಿಯನ್ನು ಅಕ್ರಮವಾಗಿ ಇಟ್ಟುಕೊಳ್ಳುವುದನ್ನು ಶಿಕ್ಷಿಸುವ 1966ರ ಕಾಯಿದೆಯೇ ಇದೆ, ಆದ್ದರಿಂದ ರೈಲ್ವೆ ಹರಾಜಿನಲ್ಲಿ ಕೊಂಡ ಗುಜರಿ ವ್ಯಾಪಾರಿಯಿಂದ ರಸೀದಿ ಸಮೇತ ಪಡೆಯಿರಿ. ರಸೀದಿ ಕೊಡಲು ಹಿಂಜರಿದರೆ ಬೇರೆಯವರ ಹತ್ತಿರ ಹೋಗಿ, ಹಳೆಯ ಟ್ರ್ಯಾಕ್ಟರಿನ ಆಕ್ಸಲ್ ತುಂಡೋ ದಪ್ಪ ಉಕ್ಕಿನ ಗಟ್ಟಿಯೋ ಕೇಳಿ.

ಪ್ರಶ್ನೆ: ನನಗೆ ಐವತ್ತು ದಾಟಿದೆ, ಗೃಹಿಣಿ. ಈ ಕೆಲಸಕ್ಕೆ ಬಹಳ ತೋಳ್ಬಲ ಬೇಕೇ? ಎಲ್ಲಿಂದ ಶುರು ಮಾಡಲಿ? (ತುಮಕೂರು)

ಉತ್ತರ: ಅಮ್ಮಾ, ಬೇಕಾದದ್ದು ಬಲಕ್ಕಿಂತ ಬಿಸಿ. ಕಿತ್ತಳೆ ಬಣ್ಣಕ್ಕೆ ಕಾದ ಕಬ್ಬಿಣ ಹಗುರ ಪೆಟ್ಟಿಗೂ ಮಣಿಯುತ್ತದೆ, ಕಪ್ಪಾಗುತ್ತ ಬಂದ ಕಬ್ಬಿಣ ಪೈಲ್ವಾನನ ಮಣಿಕಟ್ಟನ್ನೂ ನೋಯಿಸುತ್ತದೆ. 800 ಗ್ರಾಮಿನ ಸುತ್ತಿಗೆ ಕೊಳ್ಳಿ, ಕಾವು ಇಳಿದ ಕೂಡಲೇ ಬಡಿಯುವುದನ್ನು ಬಿಟ್ಟು ಮತ್ತೆ ಒಲೆಗೆ ಇಡಿ. ಹತ್ತಿಯ ಸೀರೆಗಿಂತ ಹತ್ತಿಯ ದಪ್ಪ ಅಂಗಿ, ಪ್ಯಾಂಟು ಸುರಕ್ಷಿತ. ಕಿಡಿ ಬಿದ್ದರೆ ಕರಗಿ ಮೈಗಂಟುವ ನೈಲಾನ್, ಪಾಲಿಯೆಸ್ಟರ್ ಬಟ್ಟೆ ಮಾತ್ರ ಬೇಡವೇ ಬೇಡ. ಕನ್ನಡಕ, ಚರ್ಮದ ಏಪ್ರನ್, ಮುಚ್ಚಿದ ಚಪ್ಪಲಿಯಲ್ಲ, ಬೂಟು.

ಮೊದಲ ಕೆಲಸ ಚಾಕುವಾಗಬಾರದು, ಕೊಕ್ಕೆಯಾಗಲಿ. 10 ಮಿಲಿಮೀಟರಿನ ಸಾದಾ ಸರಳಿನ ತುದಿಯನ್ನು ಮೊನೆ ಮಾಡುವುದರಲ್ಲೇ ಅರ್ಧ ವಿದ್ಯೆ ಅಡಗಿದೆ. ದುಂಡು ಸರಳನ್ನು ದುಂಡಾಗಿಯೇ ಸುತ್ತ ಬಡಿಯುತ್ತ ಹೋದರೆ ಒಳಗಿನ ಭಾಗ ಹಿಂದುಳಿದು ತುದಿ ಮೀನಿನ ಬಾಯಿಯಂತೆ ತೆರೆದುಕೊಂಡು ಸೀಳುತ್ತದೆ. ತುದಿಯನ್ನು ಮೊದಲು ನಾಲ್ಕು ಮೂಲೆ ಮಾಡಿ ಬೇಕಾದಷ್ಟು ಸಣ್ಣಗಾಗಿಸಿ, ಆಮೇಲೆ ಮೂಲೆಗಳನ್ನು ಮುರಿದು ಎಂಟು ಮೂಲೆ ಮಾಡಿ, ಕೊನೆಯಲ್ಲಿ ಮೆಲ್ಲಗೆ ದುಂಡಾಗಿಸಬೇಕು. ಕಲಿಸಲು ನಿಮ್ಮ ಸುತ್ತಲಿನ ಊರುಗಳಲ್ಲಿ ಇನ್ನೂ ಕುಲುಮೆ ಹೊತ್ತಿಸುವ ಕಮ್ಮಾರರಿಗಿಂತ ಒಳ್ಳೆಯವರಿಲ್ಲ. ಮುಂಗಾರಿಗೆ ಮುಂಚೆ ಗುದ್ದಲಿ, ಕುಡುಗೋಲು, ನೇಗಿಲ ಗುಳಗಳ ರಾಶಿ ಬಿದ್ದಿರುತ್ತದೆ, ಆಗ ಹೋಗಬೇಡಿ. ಬಿಡುವಿನ ದಿನ ಕೇಳಿಕೊಂಡು ಹೋಗಿ, ಅವರ ಒಂದು ದಿನದ ದುಡಿಮೆಯ ಹಣವನ್ನು ಕೊಟ್ಟೇ ಕಲಿಯಿರಿ.

ಪ್ರಶ್ನೆ: ಹಳೆಯ ಜೀಪಿನ ಸ್ಪ್ರಿಂಗ್ ಪಟ್ಟಿಯಿಂದ ಸೊಪ್ಪು ಕಡಿಯುವ ಕತ್ತಿ ಮಾಡಿದೆ. ನೀರಿಗೆ ಅದ್ದಿದಾಗ ಟಿಕ್ಕೆಂದು ಸದ್ದಾಗಿ ಅಂಚಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟಿತು. ಎರಡನೆಯದು ಉಳಿಯಿತು, ಆದರೆ ಕೊಂಬೆಯ ಗಂಟಿಗೆ ತಾಗಿದೊಡನೆ ಬಾಯಿ ಚಕ್ಕೆಯೆದ್ದಿತು. ನಮ್ಮೂರ ಆಚಾರಿಯವರು ನೀರಿನಲ್ಲಿಯೇ ಹದ ಮಾಡುತ್ತಾರಲ್ಲ? (ಶಿರಸಿ)

ಉತ್ತರ: ಅವರು ಅದ್ದುವ ರೀತಿಯನ್ನು ಇನ್ನೊಮ್ಮೆ ಹತ್ತಿರ ನಿಂತು ನೋಡಿ. ಸಾಮಾನ್ಯವಾಗಿ ಅನುಭವಿಗಳು ಇಡೀ ಕತ್ತಿಯನ್ನು ಮುಳುಗಿಸುವುದಿಲ್ಲ. ಬಾಯಿಯನ್ನಷ್ಟೇ ಕ್ಷಣಮಾತ್ರ ನೀರಿಗೆ ತಾಗಿಸಿ ಎತ್ತಿ, ಕಲ್ಲಿನಿಂದ ಒಂದಿಷ್ಟು ಉಜ್ಜಿ ಬೆಳ್ಳಗೆ ಮಾಡಿ, ಬೆನ್ನಿನಲ್ಲಿ ಉಳಿದ ಕಾವು ಬಾಯಿಯ ಕಡೆಗೆ ಇಳಿಯುವಾಗ ಏಳುವ ಬಣ್ಣ ನೋಡಿಕೊಂಡು ಎರಡನೆಯ ಸಲ ತಣಿಸುತ್ತಾರೆ. ಗಡಸು ಮಾಡುವುದು, ಆ ಗಡಸನ್ನು ಸ್ವಲ್ಪ ಇಳಿಸುವುದು, ಎರಡೂ ಒಂದೇ ಉಸಿರಿನಲ್ಲಿ ಮುಗಿಯುತ್ತವೆ. ನೀವು ಮೊದಲ ಅರ್ಧವನ್ನು ಮಾತ್ರ ಮಾಡಿದ್ದೀರಿ.

ಸ್ಪ್ರಿಂಗ್ ಪಟ್ಟಿಯಲ್ಲಿ ಸುಮಾರು ಅರ್ಧ ಶೇಕಡಕ್ಕಿಂತ ಮೇಲೆ ಇಂಗಾಲವೂ ಜೊತೆಗೆ ಸಿಲಿಕಾನ್, ಮ್ಯಾಂಗನೀಸ್ ಅಥವಾ ಕ್ರೋಮಿಯಂ ಕೂಡ ಇರುವುದರಿಂದ ಅದು ಎಣ್ಣೆಯಲ್ಲಿಯೇ ಗಡಸಾಗುತ್ತದೆ, ನೀರಿನ ಆಘಾತ ಅದಕ್ಕೆ ಅತಿಯಾಯಿತು. ಬಡಿದು ಮುಗಿದ ಮೇಲೆ ಕೆಂಪಗೆ ಕಾಯಿಸಿ ಗಾಳಿಯಲ್ಲಿ ತಾನಾಗಿ ಆರಲು ಬಿಡಿ. ಎರಡು ಮೂರು ಸಲ ಹೀಗೆ ಮಾಡಿದರೆ ಬಡಿತದ ಬಿಗಿ ಸಡಿಲುತ್ತದೆ. ಗಡಸು ಮಾಡುವಾಗ ತಂತಿಗೆ ಕಟ್ಟಿದ ಅಯಸ್ಕಾಂತವನ್ನು ಆಗಾಗ ತಾಗಿಸಿ ನೋಡಿ. ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ನಿಲ್ಲಿಸುತ್ತದೆ. ಅಲ್ಲಿಂದ ಬಣ್ಣ ಒಂದು ಛಾಯೆ ಏರಿದೊಡನೆ, 50-60 ಡಿಗ್ರಿಗೆ ಬೆಚ್ಚಗಾಗಿಸಿದ ಅಡುಗೆ ಎಣ್ಣೆಗೆ ಬಾಯಿ ಕೆಳಗಾಗಿ ಇಳಿಸಿ, ಕುಯ್ಯುವಂತೆ ಹಿಂದೆ ಮುಂದೆ ಆಡಿಸಿ. ಅಡ್ಡಡ್ಡ ಆಡಿಸಿದರೆ ಅಲಗು ಸೊಟ್ಟಗಾಗುತ್ತದೆ. ಎಣ್ಣೆಯ ಪಾತ್ರೆ ಕಬ್ಬಿಣದ್ದಾಗಿರಲಿ, ಹೊತ್ತಿಕೊಂಡರೆ ಮುಚ್ಚಲು ಮುಚ್ಚಳ ಕೈಯಳತೆಯಲ್ಲಿರಲಿ, ಹೊತ್ತಿದ ಎಣ್ಣೆಗೆ ನೀರು ಹಾಕಲೇಬೇಡಿ.

ಅರ ಹಚ್ಚಿದಾಗ ಕಚ್ಚದೆ ಜಾರಿದರೆ ಗಡಸಾಗಿದೆ ಎಂದರ್ಥ. ಮರುದಿನಕ್ಕೆ ಬಿಡದೆ ಆಗಲೇ ಗಡಸು ಇಳಿಸಿ. ಅಡುಗೆಮನೆಯ ಓವನ್ನಿನ 200-230 ಡಿಗ್ರಿ ತರಕಾರಿ ಚಾಕುವಿಗೆ ಸಾಕು, ಗಂಟಿಗೆ ಹೊಡೆಯುವ ಕತ್ತಿಗೆ ಸಾಲದು. ಅಲಗನ್ನು ಉಜ್ಜಿ ಹೊಳಪು ಬರಿಸಿ, ಕೆಂಪಗೆ ಕಾದ ದಪ್ಪ ಕಬ್ಬಿಣದ ಗಟ್ಟಿಯ ಮೇಲೆ ಬೆನ್ನನ್ನು ಇಟ್ಟು ಸರಿಸುತ್ತಿದ್ದರೆ ಒಣಹುಲ್ಲಿನ ಬಣ್ಣ, ಕಂದು, ನೇರಳೆ, ನೀಲಿ ಹೀಗೆ ಒಂದರ ಹಿಂದೊಂದು ಬಾಯಿಯತ್ತ ಹರಿದು ಬರುತ್ತವೆ. ಸುಮಾರು 280 ಡಿಗ್ರಿಯನ್ನು ಸೂಚಿಸುವ ನೇರಳೆ ಬಾಯಿಗೆ ಮುಟ್ಟಿದ ಕೂಡಲೇ ನೀರಿಗೆ ಹಾಕಿ. ಇನ್ನೊಂದು ಸಂಗತಿ: ವರ್ಷಗಟ್ಟಲೆ ಬಳುಕಿದ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ, ಅದರಲ್ಲೂ ಬೋಲ್ಟಿನ ತೂತಿನ ಸುತ್ತ. ಆ ಭಾಗವನ್ನು ಬಿಟ್ಟು ಕತ್ತರಿಸಿಕೊಳ್ಳಿ.

ಪ್ರಶ್ನೆ: ಜಿಐ ಪೈಪು ಕಾಯಿಸಿದ ರಾತ್ರಿ ಚಳಿಜ್ವರ ಬಂತು. ಹಾಲು ಕುಡಿದರೆ ಸರಿಹೋಗುತ್ತದೆಂದು ವೆಲ್ಡಿಂಗ್ ಕೆಲಸದವರು ಹೇಳುತ್ತಾರೆ. ನಿಜವೇ? (ಹುಬ್ಬಳ್ಳಿ)

ಉತ್ತರ: ಅಲ್ಲ. ಪೈಪಿನ ಮೇಲಿನ ಸತು 907 ಡಿಗ್ರಿಯಲ್ಲಿ ಕುದಿಯುತ್ತದೆ, ಅದರ ಬಿಳಿ ಹೊಗೆ ಶ್ವಾಸಕೋಶಕ್ಕೆ ಹೋದ ಕೆಲವು ಗಂಟೆಗಳ ನಂತರ ಈ ಜ್ವರ ಬರುತ್ತದೆ. ಹಾಲು ಹೋಗುವುದು ಹೊಟ್ಟೆಗೆ. ಹೆಚ್ಚಿನವರಿಗೆ ಒಂದೆರಡು ದಿನದಲ್ಲಿ ಇಳಿಯುತ್ತದೆ, ಉಸಿರು ಕಟ್ಟಿದಂತಾದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ, ಏನು ಕಾಯಿಸಿದಿರೆಂದೂ ತಿಳಿಸಿ. ಲೇಪವಿರುವ ಯಾವ ಕಬ್ಬಿಣವನ್ನೂ ಒಲೆಗೆ ತರಬೇಡಿ.

ಪ್ರಶ್ನೆ: ಮನೆಯಲ್ಲಿ ಟಿಎಂಟಿ ಸರಳಿನಿಂದ ಖಡ್ಗ ಮಾಡಬೇಕೆಂದಿದ್ದೇನೆ. (ಬೆಂಗಳೂರು)

ಉತ್ತರ: ಎರಡು ಕಾರಣಕ್ಕೆ ಬೇಡ. ಟಿಎಂಟಿ ಸರಳಿನ ಗಡಸು ಅದರ ಹೊರಪದರಕ್ಕೆ ಕಾರ್ಖಾನೆಯಲ್ಲಿ ನೀರು ಹಾಯಿಸಿ ಬರಿಸಿದ್ದು. ನೀವು ಕಾಯಿಸಿದೊಡನೆ ಅದು ಹೋಗುತ್ತದೆ, ಒಳಗೆ ಇಂಗಾಲ ಕಡಿಮೆಯಿರುವುದರಿಂದ ಚೂಪು ನಿಲ್ಲುವಂತೆ ಮತ್ತೆ ಹದ ಮಾಡಲು ಬರುವುದಿಲ್ಲ. ಎರಡನೆಯದಾಗಿ, 1959ರ ಶಸ್ತ್ರಾಸ್ತ್ರ ಕಾಯಿದೆಯ ಅಡಿಯ ನಿಯಮಗಳು ಖಡ್ಗಗಳನ್ನೂ, 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಗಳನ್ನೂ ಆಯುಧಗಳ ಪಟ್ಟಿಗೆ ಸೇರಿಸಿವೆ. ಮನೆಗೆಲಸ, ಬೇಸಾಯ, ಕೈಗಾರಿಕೆಗೆಂದೇ ಮಾಡಿದವುಗಳಿಗೆ ಮಾತ್ರ ವಿನಾಯಿತಿ. ಶಿರಸಿಯವರ ಸೊಪ್ಪಿನ ಕತ್ತಿ ಆ ವಿನಾಯಿತಿಯಲ್ಲಿ ಬರುತ್ತದೆ, ನಿಮ್ಮ ಖಡ್ಗ ಬರುವುದಿಲ್ಲ. ಆ ಸರಳಿನಿಂದ ಗಿಡದ ಕುಂಡ ತೂಗುಹಾಕುವ ಕೊಕ್ಕೆಗಳು ಚೆನ್ನಾಗಿ ಬರುತ್ತವೆ.