ಅಡ್ಡ ಸ್ಕ್ರಾಲ್ ಆಗುವ ಗ್ಯಾಲರಿಯಲ್ಲಿ ಮೊದಲ ಫೋಟೋಗಳು ಯಾಕೆ ಸಿಗುತ್ತಿಲ್ಲ?

ನಿಮ್ಮ ವೆಬ್ ಪುಟದಲ್ಲಿ ಹಂಪಿಯ ಫೋಟೋಗಳನ್ನು ಸಿಎಸ್ಎಸ್ (ಪುಟದ ನೋಟ, ಅಳತೆ ಹೇಳುವ ಭಾಷೆ) ಕೊಡುವ ಫ್ಲೆಕ್ಸ್ ಹಾಕಿ ಒಂದೇ ಸಾಲಿಗೆ ತಂದಿದ್ದೀರಿ, ಆದರೆ ಎಡಗಡೆಯ ಒಂದೆರಡು ಫೋಟೋ ಎಷ್ಟು ಸ್ಕ್ರಾಲ್ ಮಾಡಿದರೂ ಸಿಗುತ್ತಿಲ್ಲ, ಮೊಬೈಲಿನಲ್ಲಿ ಅಗಲದ ಫೋಟೋಗಳು ಹಿಂಡಿದ ಹಾಗೆ ಕಾಣುತ್ತವೆ ಅಂತ ಕೇಳಿದ್ದೀರಿ. ಎರಡಕ್ಕೂ ಕಾರಣ ಬೇರೆ ಬೇರೆ.

ಮೊದಲನೆಯದು ಸಾಲನ್ನು ಮಧ್ಯಕ್ಕೆ ತರಲು ನೀವು ಕೊಟ್ಟ 'ಜಸ್ಟಿಫೈ-ಕಂಟೆಂಟ್: ಸೆಂಟರ್' ಮಾಡಿದ ಕೆಲಸ. ಸಾಲು ಡಿವ್‌ಗಿಂತ (ಫೋಟೋಗಳನ್ನು ಇಟ್ಟಿರುವ ಪೆಟ್ಟಿಗೆ) ಉದ್ದವಾದಾಗ ಸೆಂಟರ್ ಕೊಟ್ಟರೆ, ಮಿಕ್ಕಿದ್ದು ಎರಡೂ ಕಡೆಗೆ ಅರ್ಧರ್ಧ ಹೊರಗೆ ಹೋಗುತ್ತದೆ. ಬಲಕ್ಕೆ ಹೋದದ್ದು ಸ್ಕ್ರಾಲ್‌ಗೆ ಸಿಗುತ್ತದೆ. ಸ್ಕ್ರಾಲ್ ಶುರುವಾಗುವುದೇ ಎಡ ಅಂಚಿನಿಂದ, ಹಾಗಾಗಿ ಅದಕ್ಕೂ ಆಚೆ ಇರುವುದನ್ನು ಮುಟ್ಟಲು ದಾರಿಯೇ ಇಲ್ಲ. ಸೆಂಟರ್ ತೆಗೆದುಬಿಡಿ. ಫೋಟೋ ಕಡಿಮೆ ಇದ್ದಾಗ ಮಧ್ಯದಲ್ಲೇ ಬೇಕು ಅಂದರೆ ಮೊದಲ ಫೋಟೋಗೆ 'ಮಾರ್ಜಿನ್-ಲೆಫ್ಟ್: ಆಟೋ', ಕೊನೆಯದಕ್ಕೆ 'ಮಾರ್ಜಿನ್-ರೈಟ್: ಆಟೋ' ಕೊಡಿ. ಜಾಗ ಉಳಿದರೆ ಮಧ್ಯಕ್ಕೆ ಬರುತ್ತವೆ, ಉಳಿಯದಿದ್ದರೆ ಎಡದಿಂದಲೇ ಶುರುವಾಗುತ್ತವೆ.

ಇನ್ನು ಹಿಂಡುವ ವಿಷಯ. ನೀವು ಎತ್ತರ 300 ಪಿಕ್ಸೆಲ್ ಅಂತ ಕಟ್ಟಿಹಾಕಿದ್ದೀರಿ. ನಿಮ್ಮ ಥೀಮ್‌ನಲ್ಲಿ (ಸೈಟಿನ ಸಿದ್ಧ ವಿನ್ಯಾಸ) ಎಲ್ಲ ಚಿತ್ರಗಳಿಗೂ 'ಮ್ಯಾಕ್ಸ್-ವಿಡ್ತ್: 100%', ಅಂದರೆ ಅಗಲ ಪೆಟ್ಟಿಗೆಯನ್ನು ಮೀರಬಾರದು ಅನ್ನುವ ಮಿತಿ, ಬಹುಶಃ ಇರುತ್ತದೆ, ಸುಮಾರು ಥೀಮ್‌ಗಳು ಹಾಗೇ ಬರುತ್ತವೆ. ತುಂಗಭದ್ರೆಯ ಅಗಲವಾದ ಫೋಟೋ ಮೊಬೈಲ್ ಪರದೆಗೆ ಬಂದಾಗ ಅಗಲ ಮಾತ್ರ ಕಡಿಮೆಯಾಗುತ್ತದೆ, ಎತ್ತರ ಹಾಗೇ ನಿಲ್ಲುತ್ತದೆ. ಗ್ಯಾಲರಿಯ ಚಿತ್ರಗಳಿಗೆ 'ಮ್ಯಾಕ್ಸ್-ವಿಡ್ತ್: ನನ್', 'ವಿಡ್ತ್: ಆಟೋ', 'ಫ್ಲೆಕ್ಸ್: ನನ್' ಈ ಮೂರೂ ಕೊಡಿ, ಸರಿಹೋಗುತ್ತದೆ.

ಇಲ್ಲಿ ತುಂಬ ಜನ ಚೌಕಟ್ಟು ತುಂಬುವಂತೆ ಫೋಟೋ ಕತ್ತರಿಸುವ 'ಆಬ್ಜೆಕ್ಟ್-ಫಿಟ್: ಕವರ್' ಹಾಕಿ ಎಲ್ಲವನ್ನೂ ಒಂದೇ ಅಳತೆಗೆ ತರಲು ಹೇಳುತ್ತಾರೆ. ನಿಮ್ಮ ಫೋಟೋಗಳಿಗೆ ಅದು ಬೇಡ. ವಿರೂಪಾಕ್ಷ ಗುಡಿಯ ಗೋಪುರವನ್ನು ಉದ್ದಕ್ಕೆ ತೆಗೆದ ಫೋಟೋ ಅಡ್ಡ ಚೌಕಟ್ಟಿಗೆ ಹೋದರೆ ಮೇಲಿನ ಕಳಸ, ಕೆಳಗಿನ ಬಾಗಿಲು ಎರಡೂ ಕತ್ತರಿಸಿ ಹೋಗಿ ನಡುವಿನ ಅಂತಸ್ತುಗಳಷ್ಟೇ ಉಳಿಯುತ್ತವೆ. ಅಷ್ಟು ಕಷ್ಟಪಟ್ಟು ತೆಗೆದದ್ದು ಅದಕ್ಕಲ್ಲ ಅಲ್ವಾ? ಎತ್ತರ ಒಂದೇ ಇರಲಿ, ಅಗಲ ಅದರದರದ್ದು ಇರಲಿ.

ಫೋಟೋ ಅಂಚಿಗೆ ಬಂದು ನಿಲ್ಲಲು ಡಿವ್‌ಗೆ 'ಸ್ಕ್ರಾಲ್-ಸ್ನ್ಯಾಪ್-ಟೈಪ್: ಎಕ್ಸ್ ಪ್ರಾಕ್ಸಿಮಿಟಿ', ಚಿತ್ರಕ್ಕೆ 'ಸ್ಕ್ರಾಲ್-ಸ್ನ್ಯಾಪ್-ಅಲೈನ್: ಸ್ಟಾರ್ಟ್' ಸಾಕು. 2018ರಿಂದ ಕ್ರೋಮ್‌ನಲ್ಲೂ ಇದೆ, ಇದಕ್ಕೋಸ್ಕರ ಜಾವಾಸ್ಕ್ರಿಪ್ಟ್ ಪ್ಲಗಿನ್ ಹಾಕಬೇಡಿ. 'ಪ್ರಾಕ್ಸಿಮಿಟಿ' ಬದಲು 'ಮ್ಯಾಂಡೇಟರಿ' ಕೊಟ್ಟರೆ ಪ್ರತಿ ಸಲವೂ ಎಳೆದು ನಿಲ್ಲಿಸುತ್ತದೆ. ಬೇರೆ ಬೇರೆ ಅಗಲದ ಫೋಟೋಗಳಲ್ಲಿ ಅದು ಕಿರಿಕಿರಿ.

'ಓವರ್‌ಫ್ಲೋ-ಎಕ್ಸ್: ಆಟೋ' ಅಂತ ಅಡ್ಡ ಸ್ಕ್ರಾಲ್ ಕೊಟ್ಟ ಕೂಡಲೇ ಮೇಲೆ ಕೆಳಗೂ ಕತ್ತರಿ ಬೀಳುತ್ತದೆ. ಫೋಟೋಗೆ ನೆರಳು ಹಾಕಿದ್ದರೆ ಅದು ಅರ್ಧಕ್ಕೇ ನಿಲ್ಲುವುದು ಇದಕ್ಕೇ. ಡಿವ್‌ಗೆ ಮೇಲೆ ಕೆಳಗೆ 16 ಪಿಕ್ಸೆಲ್ ಪ್ಯಾಡಿಂಗ್ (ಒಳಗಿನ ಖಾಲಿ ಜಾಗ) ಕೊಟ್ಟು ನೋಡಿ.

ಸ್ಕ್ರಾಲ್‌ಬಾರ್ ಚೆನ್ನಾಗಿ ಕಾಣಲ್ಲ ಅಂತ ಮರೆಮಾಡಬೇಡಿ, ದಯವಿಟ್ಟು. ಸಾದಾ ಮೌಸ್ ಇರುವವರಿಗೆ ಅದೊಂದೇ ಹಿಡಿಕೆ. ಶಿಫ್ಟ್ ಒತ್ತಿ ಚಕ್ರ ತಿರುಗಿಸಿದರೆ ಸರಿಯುತ್ತದೆ ಅಂತ ಎಷ್ಟು ಜನಕ್ಕೆ ಗೊತ್ತು? ಬೇಕಿದ್ದರೆ 'ಸ್ಕ್ರಾಲ್‌ಬಾರ್-ವಿಡ್ತ್: ಥಿನ್' ಮಾಡಿ. ಕೀಬೋರ್ಡ್ ಬಳಸುವವರಿಗಾಗಿ ಡಿವ್‌ಗೆ 'ಟ್ಯಾಬ್‌ಇಂಡೆಕ್ಸ್' ಸೊನ್ನೆ ಕೊಡಿ. ಆಗ ಟ್ಯಾಬ್ ಕೀಲಿ ಒತ್ತಿ ಅಲ್ಲಿಗೆ ಬಂದು ಬಾಣದ ಕೀಲಿಗಳಿಂದಲೂ ಸರಿಸಬಹುದು.